ಡ್ರಮ್ ನಿಜವಾಗ್ಲೂ ಹಿಂದೆ ಬಿತ್ತಾ? ಶಾಲಾ ಬ್ಯಾಂಡ್ ಕೇಳಿ ಕಲಿತ ಪಾಠ

ಕಾಲೇಜಿನ ಪಕ್ಕದ ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ಸಂಘದಿಂದ ನಾವು ಐದು ಜನ ಹೋಗಿದ್ವಿ. ಅಲ್ಲಿನ ಪಿ.ಟಿ. ಮೇಷ್ಟ್ರು, "ನೀವು ಇಂಜಿನಿಯರಿಂಗ್ ಓದೋರು. ನಮ್ಮ ಮಕ್ಕಳ ಬ್ಯಾಂಡ್ ಕೇಳಿ, ಎಲ್ಲಿ ತಪ್ತಾ ಇದೆ ಅಂತ ಒಂದು ಪುಟ ಬರ್ದುಕೊಡಿ, ಸ್ಪರ್ಧೆ ಹತ್ರ ಬಂತು" ಅಂದ್ರು. ನಾವು ಮೈದಾನದ ಮುಂದೆ ಕೂತು ಕೇಳಿ, ಜಂಬದಿಂದ ಬರೆದೆವು: "ಹಿಂದಿನ ಸಾಲಿನ ಡ್ರಮ್‌ನವರು ತಾಳದಲ್ಲಿ ಹಿಂದೆ ಬೀಳುತ್ತಾರೆ."

ಶನಿವಾರದ ಅಭ್ಯಾಸದಲ್ಲಿ ಮೇಷ್ಟ್ರು ಅದನ್ನು ಎಲ್ಲರೆದುರು ಓದಿದರು. ಡ್ರಮ್ ಮಕ್ಕಳ ಮುಖ ಬಾಡಿತು. ಬಾಸ್ ಡ್ರಮ್ ಹೊತ್ತಿದ್ದ ಎಂಟನೇ ಕ್ಲಾಸಿನ ಹುಡುಗಿ ಮಾತ್ರ, "ಇಲ್ಲ ಸಾರ್, ನಾನು ಲೀಡರ್ ಕೋಲು ನೋಡ್ಕೊಂಡೇ ಹೊಡ್ದಿದ್ದು" ಅಂದಳು. ನಮಗೆ ಕಸಿವಿಸಿಯಾಯ್ತು. ಮತ್ತೆ ಪರೀಕ್ಷೆ ಮಾಡೋಣ ಅಂದ್ವಿ.

ಲೆಕ್ಕ ಏನು ಹೇಳುತ್ತೆ?

ಮುಂದೆ ಕೊಳಲು, ಬ್ಯೂಗಲ್. ಅವರಿಂದ ಸುಮಾರು 20 ಮೀಟರ್ ಹಿಂದೆ ಡ್ರಮ್. ಗಾಳಿಯಲ್ಲಿ ಶಬ್ದದ ವೇಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್. 20 ಮೀಟರ್ ದಾಟಲು ಬೇಕಾದದ್ದು ಸುಮಾರು 0.06 ಸೆಕೆಂಡ್. ನಿಮಿಷಕ್ಕೆ 120 ಹೆಜ್ಜೆಯ ನಡೆಯಲ್ಲಿ ಒಂದು ಪೆಟ್ಟಿಗೆ ಸಿಗುವುದೇ 0.5 ಸೆಕೆಂಡ್. ಅದರಲ್ಲಿ ಎಂಟನೇ ಒಂದು ಭಾಗ ದಾರಿಯಲ್ಲೇ ಹೋಯ್ತು! ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ? ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತೆ, ಸದ್ದು ಆಮೇಲೆ. ಇಲ್ಲೂ ಅಷ್ಟೇ. ಕೋಲು ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ, ಸದ್ದು ಮಾತ್ರ ಒಟ್ಟಿಗೆ ಬರುವುದಿಲ್ಲ.

ಖಾತ್ರಿಗೆ ಒಂದು ಸೈಡ್ ಡ್ರಮ್ಮನ್ನು ಮುಂದಿನ ಸಾಲಿನಲ್ಲೂ ನಿಲ್ಲಿಸಿದೆವು. ಕೋಲು ಇಳಿದಾಗ ಇಬ್ಬರೂ ಹೊಡೆಯಬೇಕು. ಮುಂದೆ ನಿಂತು ಕೇಳಿದರೆ "ಟ-ಟಕ್". ಎರಡೂ ಸಾಲಿಗೆ ಸಮದೂರವಾಗುವಂತೆ ಪಕ್ಕಕ್ಕೆ ಬಂದು ಕೇಳಿದರೆ ಒಂದೇ "ಟಕ್". ತಪ್ಪು ಮಕ್ಕಳದ್ದಲ್ಲ, ನಾವು ಕೂತ ಜಾಗದ್ದು.

ಹಾಗಾದ್ರೆ ಸ್ಪರ್ಧೆಯಲ್ಲಿ? ತೀರ್ಪುಗಾರರೂ ಮುಂದೆಯೇ ಕೂರುತ್ತಾರಲ್ಲ! ಇದಕ್ಕೆ ದಾರಿ ಎರಡು. ಒಂದು, ಸಾಲುಗಳನ್ನು ಹತ್ತಿರ ತರುವುದು. 8 ಮೀಟರ್ ಆದರೆ ಅಂತರ ಸುಮಾರು 0.02 ಸೆಕೆಂಡಿಗೆ ಇಳಿಯುತ್ತದೆ. ಇನ್ನೊಂದು, ದೊಡ್ಡ ಬ್ಯಾಂಡ್‌ಗಳು ಮಾಡುವ ಉಪಾಯ: ಹಿಂದಿನ ಡ್ರಮ್‌ನವರು ಕೋಲು ನೋಡಿ ಹೊಡೆಯಬೇಕು, ಮುಂದಿನವರು ಕೋಲನ್ನು ನಂಬದೆ ಹಿಂದಿನಿಂದ ಬರುವ ಡ್ರಮ್ ಸದ್ದನ್ನು ಕೇಳಿ ನುಡಿಸಬೇಕು. ಆಗ ಎರಡೂ ಸದ್ದು ಕೂಡಿಕೊಂಡು ಮುಂದೆ ಹೋಗುತ್ತವೆ.

ಶ್ರುತಿಯ ಕಥೆ

ಶ್ರುತಿ ತಾಯಿ, ಲಯ ತಂದೆ ಅಂತಾರೆ. ತಂದೆಯ ವಿಚಾರ ಆಯ್ತು, ಈಗ ತಾಯಿಯದ್ದು. ಊದುವ ವಾದ್ಯದ ಸ್ವರ ಅದರೊಳಗಿನ ಗಾಳಿಯ ಬಿಸಿಯನ್ನು ಅವಲಂಬಿಸಿದೆ. ಆ ಗಾಳಿ 20 ಡಿಗ್ರಿಯಿಂದ 30ಕ್ಕೆ ಏರಿದರೆ ಕಂಪನಾಂಕ ಸುಮಾರು 1.7% ಹೆಚ್ಚುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರವೇ ಸುಮಾರು 6%. ಅಂದರೆ ಬಿಸಿಲಲ್ಲಿದ್ದ ಕೊಳಲೂ ನೆರಳಲ್ಲಿದ್ದ ಕೊಳಲೂ ಜಗಳವಾಡುವುದು ಸಹಜ. ಒಂದಷ್ಟು ಹೊತ್ತು ಊದಿ, ಮೈದಾನದಲ್ಲೇ ಶ್ರುತಿ ನೋಡಿಕೊಳ್ಳಬೇಕು.

ಬ್ಯೂಗಲ್ ಬೇರೆ ಜಾತಿ. ಅದಕ್ಕೆ ತೂತೂ ಇಲ್ಲ, ಗುಂಡಿಯೂ ಇಲ್ಲ. ತುಟಿ ಮತ್ತು ಉಸಿರಿನಿಂದಲೇ ಸ್ವರ ಬದಲಾಗಬೇಕು. ಸಿಗುವುದು ಒಂದು ಮೂಲ ಕಂಪನಾಂಕದ 2, 3, 4, 5, 6 ಪಟ್ಟು, ಹೀಗೆ. ತುಟಿ ತಪ್ಪಿದರೆ ಸ್ವರ ಪಕ್ಕದ ಮೆಟ್ಟಿಲಿಗೇ ಹಾರುತ್ತದೆ. ಸ್ವರ ಸ್ವಲ್ಪ ಜಾರಿದರೆ ಶ್ರುತಿ ಸರಿಮಾಡಿ, ಹಾರಿದರೆ ಅಭ್ಯಾಸ ಹೆಚ್ಚಿಸಿ.

ನೀವೂ ಮಾಡಿ ನೋಡಿ

1. ಮೊದಲ ಸಲ ಮೊಬೈಲ್ ಜೇಬಲ್ಲಿರಲಿ. ಸುಮ್ಮನೆ ಕೇಳಿ.
2. ಎರಡನೇ ಸಲ ಒಂದೇ ವಾದ್ಯವನ್ನು ಕಿವಿಯಲ್ಲಿ ಹಿಂಬಾಲಿಸಿ.
3. ಮೂರನೇ ಸಲ ಜಾಗ ಬದಲಿಸಿ, ಎರಡು ಕಡೆ ರೆಕಾರ್ಡ್ ಮಾಡಿ ಹೋಲಿಸಿ.
4. ಕೊನೆಗೆ ನುಡಿಸಿದವರನ್ನೇ ಕೇಳಿ. ನಾವು ಬಿಟ್ಟದ್ದು ಇದನ್ನೇ.

ಹಳೇ ಪುಟ ಹರಿದು, ಮಕ್ಕಳಿಗೆ ಸಾರಿ ಹೇಳಿ, ಹೊಸದು ಬರೆದುಕೊಟ್ಟೆವು. ಅದರ ಮೊದಲ ಸಾಲಿನಲ್ಲೇ ನಾವು ಎಲ್ಲಿ ನಿಂತು ಕೇಳಿದೆವು ಅನ್ನೋದನ್ನು ಬರೆದಿದ್ದೇವೆ. ಬಾಸ್ ಡ್ರಮ್ ಹುಡುಗಿ ಅದನ್ನು ಎರಡು ಸಲ ಓದಿಸಿಕೊಂಡಳು.