ಶಾಲೆಯ ಪಾಠದಲ್ಲಿ ವಿಶ್ವದೃಷ್ಟಿ

ಶಾಲೆಯ ಮಕ್ಕಳಲ್ಲಿ ವಿಶ್ವದೃಷ್ಟಿಯನ್ನು ಬೆಳೆಸಬೇಕೆಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. 2015ರಲ್ಲಿ ವಿಶ್ವಸಂಸ್ಥೆಯು ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿಯೂ ಈ ವಿಚಾರ ಸೇರಿದೆ. ಆದರೆ ದೇಶಗಳ ರಾಜಧಾನಿಗಳನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ವಿಶ್ವದೃಷ್ಟಿ ಬಾರದು. ತಾನು ನಿಂತ ನೆಲಕ್ಕೂ ದೂರದ ನಾಡಿಗೂ ಇರುವ ಸಂಬಂಧವನ್ನು ಮಗುವು ಕಾರಣಸಹಿತವಾಗಿ ಅರಿಯಬೇಕು. ಗೋಕಾಕ ಫಾಲ್ಸಿನ ಉದಾಹರಣೆಯಿಂದ ಇದನ್ನು ವಿಚಾರಿಸೋಣ.

ಇಲ್ಲಿ ಘಟಪ್ರಭೆಯು ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಇದನ್ನು "ಕರ್ನಾಟಕದ ನಯಾಗರ" ಎಂದು ಕರೆಯುವುದುಂಟು. ಇದು ಕೇವಲ ಹೋಲಿಕೆ, ಸಂಬಂಧವಲ್ಲ. ಸಂಬಂಧವನ್ನು ಕಾಣಬೇಕಾದರೆ ಜಲಪಾತದ ದಡದಲ್ಲಿರುವ ನೂಲಿನ ಗಿರಣಿಯತ್ತ ನೋಡಬೇಕು. ಈ ನೀರಿನ ಬಲವನ್ನು ನಂಬಿಯೇ 1885ರಲ್ಲಿ ಅದರ ಕಂಪನಿಯು ಸ್ಥಾಪನೆಯಾಯಿತು.

"ನೀರೇನೋ ಇಲ್ಲಿತ್ತು, ಅರಳೆ ಎಲ್ಲಿಯದು?" ಎಂದು ಮಾಸ್ತರರು ಕೇಳಲಿ. ಬೆಳಗಾವಿ, ಧಾರವಾಡ ಸೀಮೆಯ ಎರೆಭೂಮಿಯ ಹೆಸರು ತಾನಾಗಿಯೇ ಬರುತ್ತದೆ. ಆ ಭೂಮಿಯಲ್ಲಿ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರಕಾರವು ಅಮೇರಿಕದ ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಬೆಳೆಸಲು ಯತ್ನಿಸಿತು. ಮುಂದೆ ಆ ಹತ್ತಿಗೆ "ಧಾರವಾಡ ಅಮೇರಿಕನ್" ಎಂಬ ಹೆಸರೇ ನಿಂತಿತು. ಇಂಗ್ಲೆಂಡಿನ ಲ್ಯಾಂಕಶಾಯರ್ ಗಿರಣಿಗಳಿಗೆ ಉದ್ದ ಎಳೆಯ ಅರಳೆ ಬೇಕಾಗಿದ್ದುದೇ ಇದಕ್ಕೆ ಕಾರಣ.

1861ರಲ್ಲಿ ಅಮೇರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದ ಅಂತರ್ಯುದ್ಧವು ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಅರಳೆ ಬಾರದೆ ಲ್ಯಾಂಕಶಾಯರ್‌ನ ಗಿರಣಿಗಳು ನಿಂತು, ಕೂಲಿಕಾರರು ಉಪವಾಸ ಬಿದ್ದರು. ಅದೇ ಕಾಲಕ್ಕೆ ನಮ್ಮ ಸೀಮೆಯಲ್ಲಿ ಹತ್ತಿಯ ಧಾರಣೆ ಏರಿತು. 1865ರಲ್ಲಿ ಯುದ್ಧ ಮುಗಿದೊಡನೆ ಇಳಿಯಿತು. ಹಸಿದಿದ್ದರೂ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್ನರಿಗೆ ಬೆಂಬಲದ ಪತ್ರ ಬರೆದರು. ಲಿಂಕನ್ನರು 1863ರ ಜನವರಿಯಲ್ಲಿ ಅದಕ್ಕೆ ಉತ್ತರವನ್ನೂ ಕೊಟ್ಟರು.

ಒಂದು ಹಿಡಿ ಅರಳೆಯಿಂದ ಭೂಗೋಲ, ಇತಿಹಾಸ, ಅರ್ಥಶಾಸ್ತ್ರ ಮೂರೂ ಹೀಗೆ ತೆರೆಯುತ್ತವೆ. ಕೆಳಗಿನ ತರಗತಿಯ ಮಕ್ಕಳು ಅರಳೆಯ ದಾರಿಯನ್ನು ನಕಾಶೆಯಲ್ಲಿ ಗುರುತಿಸಲಿ. ಮೇಲಿನ ತರಗತಿಯವರು, ಧಾರಣೆ ಏರಿದಾಗ ಯಾರಿಗೆ ಲಾಭ, ಇಳಿದಾಗ ಯಾರಿಗೆ ನಷ್ಟ ಎಂದು ಚರ್ಚಿಸಲಿ. ಇದಕ್ಕೆ ಹೊಸ ವಿಷಯವಾಗಲಿ, ಹೆಚ್ಚಿನ ಶುಲ್ಕವಾಗಲಿ ಬೇಕಿಲ್ಲ. ಒಂದು ನಕಾಶೆಯೂ ಪ್ರಶ್ನೆ ಕೇಳುವ ಮಾಸ್ತರರೂ ಇದ್ದರೆ ಸಾಕು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಮನೆತನಕ್ಕೇ ಮೊದಲಿಗರಾಗಿ ಅಕ್ಷರ ಕಲಿಯುವ ಮಕ್ಕಳು ಇಂದಿಗೂ ಇದ್ದಾರೆ. ನನ್ನ ಮನೆಯಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಜಗತ್ತೆಂಬುದು ದೊಡ್ಡ ಪಟ್ಟಣದವರದು, ಇಂಗ್ಲಿಷ್ ಬಲ್ಲವರದು ಎಂಬ ಅಳುಕು ಇಂಥವರಲ್ಲಿ ಬೇಗ ಬೇರೂರುತ್ತದೆ. ತನ್ನ ಅಜ್ಜ ಬಿತ್ತಿದ ಹತ್ತಿಗೂ ತಂದೆ ನೂತ ನೂಲಿಗೂ ಜಗತ್ತಿನ ಇತಿಹಾಸದಲ್ಲಿ ಸ್ಥಾನವಿದೆಯೆಂದು ತಿಳಿದ ಮಗುವು ತರಗತಿಯಲ್ಲಿ ಧೈರ್ಯದಿಂದ ಪ್ರಶ್ನೆ ಕೇಳುತ್ತದೆ. ಮ್ಯಾಂಚೆಸ್ಟರಿನ ಕೂಲಿಕಾರನ ಹಸಿವೂ ಅದಕ್ಕೆ ಅರ್ಥವಾಗುತ್ತದೆ. ನಮ್ಮಲ್ಲಿ ಹಲವರು ನಾಳೆ ಶಿಕ್ಷಕರಾಗುವವರು. ಈ ಕೆಲಸವನ್ನು ಅವರು ತಮ್ಮ ಮೊದಲನೆಯ ತರಗತಿಯಿಂದಲೇ ಆರಂಭಿಸಬಹುದು.