ನಮೂನೆ ‘ಸಿ’ ಕೇಳಿದ್ದೀರಾ?

ಅರಣ್ಯ ಹಕ್ಕು ಕಾಯ್ದೆ ಎಂದೊಡನೆ ನಮ್ಮಲ್ಲಿ ಮಾತು ನೇರ ಒತ್ತುವರಿ ಜಮೀನಿಗೆ ಹೋಗುತ್ತದೆ. ಎಷ್ಟು ಎಕರೆ, ಎಷ್ಟು ಗುಂಟೆ, ಹಕ್ಕುಪತ್ರ ಬಂತೋ ಇಲ್ಲವೋ. ಆದರೆ 2006ರ ಈ ಕಾಯ್ದೆಯಲ್ಲಿ ತುಂಡು ಭೂಮಿಯೂ ಇಲ್ಲದ ಮನೆಗೆ ಸಲ್ಲುವ ಹಕ್ಕೂ ಇದೆ. ತಲೆತಲಾಂತರದಿಂದ ಬಳಸಿ, ಕಾಯ್ದುಕೊಂಡು ಬಂದ ಕಾಡನ್ನು ಊರೇ ನೋಡಿಕೊಳ್ಳಬಹುದು ಎನ್ನುತ್ತದೆ ಸೆಕ್ಷನ್ 3(1)(ಐ). ವೈಯಕ್ತಿಕ ಹಕ್ಕಿಗೆ 4 ಹೆಕ್ಟೇರ್ ಮಿತಿಯಿದೆ, ಇದಕ್ಕಿಲ್ಲ. ಜೇನು, ನೆಲ್ಲಿ, ಬಿದಿರಿನಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನ 3(1)(ಸಿ)ಯಲ್ಲಿದೆ. ಬಡವರ ಕೈಗೆ ನಾಲ್ಕು ಕಾಸು ಬರುವುದು ಈ ಎರಡರಿಂದ. ಜನ ಕಡಿಮೆ ಕೇಳುವುದೂ ಇವನ್ನೇ.

ಬರೀ ಹಕ್ಕುಪತ್ರದಿಂದಲೂ ಹೊಟ್ಟೆ ತುಂಬದು. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ-ಲೇಖಾ ಗ್ರಾಮಕ್ಕೆ 2009ರಲ್ಲೇ 1,800 ಹೆಕ್ಟೇರ್‌ಗೂ ಹೆಚ್ಚು ಕಾಡಿನ ಹಕ್ಕು ಸಿಕ್ಕಿತ್ತು. ಆದರೆ ಬಿದಿರು ಮಾರಲು ಬೇಕಾದ ಸಾಗಣೆ ರಹದಾರಿಯನ್ನು ಅರಣ್ಯ ಇಲಾಖೆ ಕೊಡಲಿಲ್ಲ. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಊರಿಗೇ ಬಂದು ರಹದಾರಿ ಪುಸ್ತಕವನ್ನು ಗ್ರಾಮಸಭೆಯ ಕೈಗಿತ್ತರು. ಪ್ರತಿ ಊರಿಗೂ ಸಚಿವರು ಬರಲಾದೀತೆ? 2012ರಲ್ಲಿ ನಿಯಮಗಳೇ ಬದಲಾದವು. ಈಗ ರಹದಾರಿ ಕೊಡುವುದು ಗ್ರಾಮಸಭೆಯ ಸಮಿತಿ. ಶುಲ್ಕ, ರಾಜಧನ ಕೇಳುವಂತಿಲ್ಲ. 3(1)(ಐ) ಹೇಳುವ ಕಾಡಿಗೆ, ಅಂದರೆ ಸಾಮುದಾಯಿಕ ಅರಣ್ಯ ಸಂಪನ್ಮೂಲಕ್ಕೆಂದೇ, ಅರ್ಜಿಯ ನಮೂನೆ ‘ಸಿ’ ಬಂದದ್ದೂ ಆಗಲೇ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ವನ್ಯಜೀವಿ ಕಾನೂನಿನ ಹೆಸರಿನಲ್ಲಿ ಸೋಲಿಗರ ಜೇನು, ನೆಲ್ಲಿ ಸಂಗ್ರಹಕ್ಕೆ ತಡೆ ಬಿದ್ದಿತ್ತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕೂ ದಕ್ಕಿತು. ಹುಲಿ ಇರುವ ಕಾಡಿಗೆ ಈ ಕಾಯ್ದೆ ಅನ್ವಯಿಸದು ಎಂದು ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಅರ್ಜಿಯ ಕೆಲಸ ಹಾಡಿ, ಪೋಡು, ಮಜರೆಯ ಸಭೆಯಿಂದಲೇ ಶುರುವಾಗಬೇಕು. ಹತ್ತಾರು ಊರು ಸೇರಿದ ಪಂಚಾಯಿತಿ ಮಟ್ಟದ ಸಭೆಯಲ್ಲ. ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಈ ಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಸಮಿತಿ ಚಕ್ಕುಬಂದಿ ಗುರುತಿಸಿ ನಕ್ಷೆ ಮಾಡುತ್ತದೆ. ಸೊಪ್ಪು, ಗೆಡ್ಡೆ ತರುವ ಜಾಗ, ದನ ಮೇಯುವ ಬಯಲು, ದೇವರಬನ, ಮಸಣ, ಹಳೆಯ ಕೆರೆ ಎಲ್ಲವೂ ಸಾಕ್ಷಿಯೇ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಒಟ್ಟು ಎರಡಾದರೂ ಬೇಕು. ಅರಣ್ಯ, ಕಂದಾಯ ನಕ್ಷೆಗಳನ್ನು ಉಪವಿಭಾಗ ಮಟ್ಟದ ಸಮಿತಿ ಕೊಡಬೇಕು. ಬುಡಕಟ್ಟಿನವರಲ್ಲದವರಿಗೆ ಹಾದಿ ಕಡಿದು: 13-12-2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಆಧಾರ ತೋರಿಸಬೇಕು. ಮಲೆನಾಡಿನ ಎಷ್ಟೋ ಅರ್ಜಿಗಳು ಇಲ್ಲೇ ಮುಗ್ಗರಿಸಿವೆ.

ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಸಿಬ್ಬಂದಿ ಬಂದು ಸಹಿ ಹಾಕಬೇಕು. ಗೈರಾಗಿ ಆಮೇಲೆ ತಕರಾರು ತೆಗೆದರೆ ಮರುಪರಿಶೀಲನೆ ನಡೆಯುತ್ತದೆ. ಆಗಲೂ ಬಾರದಿದ್ದರೆ ಗ್ರಾಮಸಭೆ ಹೇಳಿದ್ದೇ ಅಂತಿಮ. ಅರ್ಜಿ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿಯನ್ನು ದಾಟಿ ಜಿಲ್ಲಾಧಿಕಾರಿಯ ಸಮಿತಿಗೆ ಹೋಗುತ್ತದೆ. ತಿರಸ್ಕರಿಸಿದರೆ ಕಾರಣ ಸಹಿತ ಹಿಂಬರಹ ಕೊಡಲೇಬೇಕು. ಮೇಲಿನ ಸಮಿತಿಗೆ ಮನವಿ ಸಲ್ಲಿಸಲು 60 ದಿನ. ಉಪಗ್ರಹ ಚಿತ್ರವೊಂದನ್ನೇ ಮುಂದಿಟ್ಟು ಇಲ್ಲ ಎನ್ನುವಂತಿಲ್ಲ. ಬಾಯಿಮಾತಿನ ‘ಆಗಲ್ಲ’ಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಬರೆಸಿಕೊಳ್ಳಿ.

ಅರ್ಜಿಯನ್ನೇ ಹಾಕದ ಊರುಗಳಿಗೂ ನಿಯಮ 12ಬಿ ಇದೆ. ಅರಣ್ಯವಾಸಿಗಳಿರುವ ಎಲ್ಲ ಊರುಗಳಿಗೂ ಈ ಹಕ್ಕು ಸಿಗುವಂತೆ ನೋಡಿಕೊಳ್ಳುವುದು ಜಿಲ್ಲಾ ಸಮಿತಿಯ ಹೊಣೆ. ಕೊಡದಿದ್ದರೆ ಏಕೆಂದು ಅದರ ಕಾರ್ಯದರ್ಶಿ ದಾಖಲಿಸಬೇಕು. ನಿಮ್ಮೂರಿನ ಬಗ್ಗೆ ಏನು ಬರೆದಿದ್ದಾರೆಂದು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತೂ ಬೇಡ.