ಹಾಸಿಗೆಯ ಪಕ್ಕ ಕೂತು ಓದೋಣ

ಆಸ್ಪತ್ರೆಯಲ್ಲಿ ಬೆಳಗ್ಗೆ ಡಾಕ್ಟರು ಬರುತ್ತಾರೆ. ನರ್ಸು ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಮಧ್ಯಾಹ್ನ. ಅದು ಮುಗಿಯುವುದೇ ಇಲ್ಲ. ಮಲಗಿದವರು ಮೇಲಿನ ಫ್ಯಾನು ನೋಡುತ್ತಾ ಇರುತ್ತಾರೆ. ಮನೆ, ಮಕ್ಕಳು, ಹಸು, ಸಾಲ ಎಲ್ಲ ನೆನಪಾಗುತ್ತದೆ. ನೋವು ಇನ್ನೂ ಹೆಚ್ಚಾದ ಹಾಗೆ ಅನಿಸುತ್ತದೆ.

ನೋಡಲು ಹೋದ ನಾವು ಏನು ಮಾಡುತ್ತೇವೆ? ಕಿತ್ತಳೆ ಹಣ್ಣು ಕೊಡುತ್ತೇವೆ. "ಹೇಗಿದ್ದೀಯವ್ವಾ?" ಅನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕೆಲವರಂತೂ ಅದೇ ಕಾಯಿಲೆಯಿಂದ ಸತ್ತವರ ಸುದ್ದಿ ತೆಗೆಯುತ್ತಾರೆ! ಅದಕ್ಕಿಂತ ಒಂದು ಕತೆ ಓದಿ ಹೇಳುವುದು ಮೇಲಲ್ಲವೇ?

"ನಮಗೆ ಈಗ ತಾನೇ ಓದಲು ಬಂದಿದೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇವೆ. ಕೇಳಿದವರು ನಕ್ಕರೆ?" ಅನ್ನುತ್ತೀರಾ? ಹಾಗಲ್ಲ ಅಕ್ಕ. ಸುಸ್ತಾದವರಿಗೆ ಬಿರಬಿರನೆ ಓದಿದರೆ ತಲೆಗೆ ಹತ್ತುವುದಿಲ್ಲ. ನಿಧಾನದ ಓದೇ ಅವರಿಗೆ ಬೇಕು. ಒಂದು ಪದ ತಡವಾದರೆ ಆಗಲಿ. ಮಲಗಿದವರೇ ಅದನ್ನು ಊಹಿಸಿ ಹೇಳಿಯಾರು.

ಓದಿ ಹೇಳುವುದು ನಮಗೆ ಹೊಸದೂ ಅಲ್ಲ. ಹಿಂದೆ ಊರಲ್ಲಿ ಒಬ್ಬರು ಕುಮಾರವ್ಯಾಸನ ಭಾರತ ಓದುತ್ತಿದ್ದರು. ಹತ್ತಾರು ಜನ ಕೂತು ಕೇಳುತ್ತಿದ್ದರು. ಓದುವವರು ಹೆಚ್ಚಾಗಿ ಗಂಡಸರು. ಈಗ ಪುಸ್ತಕ ನಮ್ಮ ಕೈಗೂ ಬಂದಿದೆ.

ಕತೆ ಕೇಳಿದರೆ ನಿಜವಾಗಿ ಹಗುರಾಗುತ್ತದೆಯೇ? ಬ್ರೆಜಿಲ್ ಎಂಬ ದೇಶದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಆಸ್ಪತ್ರೆಯಲ್ಲಿದ್ದ 81 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಸುಮಾರು ಅರ್ಧ ಗಂಟೆ ಕತೆ ಹೇಳಿದರು. ಇನ್ನೊಂದು ಗುಂಪಿನವರಿಗೆ ಒಗಟು ಹೇಳಿದರು. ಆಮೇಲೆ ಮಕ್ಕಳ ಜೊಲ್ಲು ಪರೀಕ್ಷಿಸಿದರು. ಯಾಕೆಂದರೆ ಗಾಬರಿಯಾದಾಗ ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಏರುತ್ತದೆ. ಜೊಲ್ಲಿನಲ್ಲಿ ಅದು ಗೊತ್ತಾಗುತ್ತದೆ. ಎರಡು ಗುಂಪಿನಲ್ಲೂ ಅದು ಇಳಿದಿತ್ತು. ಕತೆ ಕೇಳಿದವರಲ್ಲಿ ಹೆಚ್ಚು ಇಳಿದಿತ್ತು. ಅವರ ನೋವೂ ಹೆಚ್ಚು ಕಡಿಮೆಯಾಗಿತ್ತು. ಈ ವಿಷಯ 2021ರಲ್ಲಿ ಪ್ರಕಟವಾಯಿತು. ಹಾಗಂತ ಔಷಧಿ ಬಿಡುವ ಹಾಗಿಲ್ಲ. ಔಷಧಿಯೂ ಬೇಕು, ಕತೆಯೂ ಇರಲಿ.

ಮೊದಲು ನರ್ಸಮ್ಮನನ್ನು ಕೇಳೋಣ. ಆಮೇಲೆ ಮಲಗಿದವರನ್ನು, "ಏನು ಓದಲಿ?" ಎಂದು ಕೇಳೋಣ. ಒಬ್ಬರಿಗೆ ದೇವರ ಕತೆ ಬೇಕು. ಇನ್ನೊಬ್ಬರಿಗೆ ಪೇಪರಿನಲ್ಲಿ ಬಂದ ಈರುಳ್ಳಿ ರೇಟು ಬೇಕು. ಬೇಡ ಎಂದರೆ ಸುಮ್ಮನೆ ಕೂರೋಣ. ಹೊಟ್ಟೆಗೆ ಹೊಲಿಗೆ ಹಾಕಿದವರಿಗೆ ಮಾತ್ರ ತೆನಾಲಿ ರಾಮನ ಕತೆ ಬೇಡ. ನಕ್ಕರೆ ಹೊಲಿಗೆ ನೋಯುತ್ತದೆ!

ಪಕ್ಕದ ಹಾಸಿಗೆಯವರಿಗೆ ತೊಂದರೆ ಆಗದ ಹಾಗೆ ಮೆಲ್ಲಗೆ ಓದಬೇಕು. ಕೇಳುತ್ತಾ ಕೇಳುತ್ತಾ ಅವರಿಗೆ ನಿದ್ದೆ ಬಂದರೆ ಒಳ್ಳೆಯದೇ. ಓದಿದ ಪುಟದಲ್ಲಿ ಒಂದು ಕಡ್ಡಿ ಇಟ್ಟು ಬನ್ನಿ. ನಾಳೆ ಅಲ್ಲಿಂದಲೇ ಓದಬಹುದು.